ದೇವರಿಗೆ ಬೇಡವಾದ ಹೂ

ಚಿದ್ರಿಯಲ್ಲಿ ಮನೆ ಕಟ್ಟಿಸಿದ ಮೇಲೆ ಕಾಂಪೌಂಡಿನ ಒಳಗೆ ನಾವು ಮೊದಲು ಹಚ್ಚಿದ್ದು ದಾಸವಾಳ, ಕಣಗಿಲೆ, ದುಂಡುಮಲ್ಲಿಗೆ. ಮೂರೂ ಸೊಂಪಾಗಿ ಬೆಳೆದವು. ಆದರೆ ಅರಳಿದ ಹೂ ನನ್ನ ಕಣ್ಣಿಗೆ ಬಿದ್ದಿದ್ದೇ ಕಮ್ಮಿ. ನಾನೆದ್ದು ಬಾಗಿಲು ತೆಗೆಯುವಷ್ಟರಲ್ಲಿ ಗಿಡ ಬೋಳಾಗಿರುತ್ತಿತ್ತು.

ಹೂ ಹರಿಯುತ್ತಿದ್ದವರು ಹಿಂದಿನ ಓಣಿಯ ಮಾಸ್ತರರು. ರಿಟೈರ್ ಆದವರು, ಹಣೆ ತುಂಬ ಗಂಧ, ಹಣಮಪ್ಪನ ಭಕ್ತರು. ಬೆಳಗಿನ ವಾಕಿಂಗಿಗೆ ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ಕೋಲು. ಕೋಲು ನಾಯಿಗಳ ಸಲುವಾಗಿ ಅನ್ನುತ್ತಿದ್ದರು. ಗೋಡೆಗಿಂತ ಎತ್ತರದ ನಾಯಿ ನಾನಂತೂ ನಮ್ಮ ಓಣಿಯಲ್ಲಿ ನೋಡಿಲ್ಲ.

ಒಮ್ಮೆ ಕೈಗೆ ಸಿಕ್ಕರು.

"ಏನ್ರಿ ಮಾಸ್ತರ, ಹೂ ಹರೀಲಿಕತ್ತೀರಿ?"

"ದೇವರ ಸಲುವಾಗಿ ಅಲ್ಲೇನ್ ತಂಗಿ. ಪುಣ್ಯ ನಿಮಗೂ ಬರ್ತದ."

ಗಿಡ ನಮ್ಮದು, ನೀರು ನಮ್ಮದು, ಹಾರ ಮಾತ್ರ ಅವರ ಹಣಮಪ್ಪನಿಗೆ. ನನಗಿಂತ ಹೆಚ್ಚು ಹೊಟ್ಟೆ ಉರಿದದ್ದು ಅತ್ತೆಗೆ. ದಿನಾ ಜಳಕ ಮಾಡಿ ಅಂಗೈಯಲ್ಲಿ ಲಿಂಗ ಹಿಡಿದು ಕೂಡುವವರು ಅವರು. "ನಮ್ಮ ಲಿಂಗ ಬರೀ ವಿಭೂತಿ ಮ್ಯಾಲ ದಿನ ಕಳೀಲಿಕತ್ತದ, ಅವನ ಹಣಮಪ್ಪ ಮದಿಮಗ ಆಗ್ಯಾನ" ಎಂದು ಗೊಣಗುತ್ತಿದ್ದರು. ಗೋಡೆಯ ಮೇಲೆ ಗಾಜು ಹಚ್ಚಿಸುತ್ತೇನೆ ಅಂದರು ನನ್ನ ಗಂಡ. "ಮಾಸ್ತರ್ ಕೈ ಕೊಯ್ಕೊಂಡ್ರ ದವಾಖಾನಿಗಿ ನೀನೇ ಒಯ್ಯಬೇಕಾಗ್ತದ, ಸುಮ್ ಕುಂದ್ರು" ಎಂದು ಅತ್ತೆ ಬಾಯಿ ಮುಚ್ಚಿಸಿದರು.

ಎಳ್ಳಮಾಸಿ ಹಬ್ಬ ಮುಗಿದ ಮೇಲೆ ನಾನೇ ಒಂದು ದಾರಿ ಹೇಳಿದೆ. "ಅತ್ತಿ, ಈ ಸಲ ಆ ಗಿಡ ತಗದು ದೇವರಿಗಿ ನಡೀಲಾರದ ಹೂ ಹಚ್ಚೂಣು. ಆಗ ಹ್ಯಾಂಗ ಒಯ್ತಾನ ನೋಡೂಣು."

ಅತ್ತೆಯ ಮುಖ ಅರಳಿತು. ಮರುದಿನವೇ ಇಬ್ಬರೂ ಭಾಲ್ಕಿಗೆ ಹೋದೆವು. ಅಲ್ಲಿ ರಸ್ತೆಗೆ ಹತ್ತಿಕೊಂಡೇ ಒಂದು ನರ್ಸರಿ ಇತ್ತು. ಅತ್ತೆ ಒಂದೊಂದೇ ಸಸಿ ಎತ್ತಿ ಹಿಡಿದು ಕೇಳತೊಡಗಿದರು: "ಇದು ದೇವರಿಗಿ ನಡೀತದೇನ್ರಿ?"

"ಭಾಳ ಚಂದ ನಡೀತದ್ರಿ ಆಯಿ! ಎಲ್ಲಾ ದೇವರಿಗಿ ನಡೀತದ," ಅನ್ನುತ್ತಿದ್ದ ನರ್ಸರಿಯವನು. ಅತ್ತೆ ಸಸಿ ಕೆಳಗಿಟ್ಟು ಮುಂದೆ ಹೋಗುತ್ತಿದ್ದರು. ಎಷ್ಟು ಹೊಗಳಿದರೂ ಯಾಕೆ ಕೊಳ್ಳುತ್ತಿಲ್ಲ ಎಂದು ಅವನಿಗೆ ತಿಳಿಯಲಿಲ್ಲ. ಕಡೆಗೆ ನಾನೇ ಬಿಡಿಸಿ ಹೇಳಿದೆ, ನಮಗೆ ಬೇಕಾದ್ದು ಯಾವ ದೇವರಿಗೂ ಬೇಡವಾದ ಹೂ. ಅವನು ನಮ್ಮಿಬ್ಬರ ಹಣೆಯ ವಿಭೂತಿ ನೋಡಿದ, ಕುತ್ತಿಗೆ ಕೆರೆದುಕೊಂಡ.

"ಹಂಗಾದ್ರ ಈ ಪೆಟೂನಿಯಾ ಒಯ್ರಿ. ವಾಸನಿ ಇಲ್ಲ, ಏನಿಲ್ಲ. ಒಂದು ದೇವರೂ ಮುಟ್ಟಂಗಿಲ್ಲ."

ಆಗಷ್ಟೇ ಎಲ್ಲಾ ದೇವರಿಗೂ ನಡೆಯುತ್ತದೆ ಎಂದಿದ್ದ ಸಸಿಯೇ ಅದು. ನೇರಳೆ ಹೂವಿನ ಮೇಲೆ ಬಿಳಿ ಪಟ್ಟಿ. "ಲಾಡ್ಜಿನ ಚಾದರ ಇದ್ದಂಗ ಅದ," ಎಂದರು ಅತ್ತೆ. "ಬರಾಬರಿ ಆಯ್ತು. ಕಟ್ಟು." ಜೊತೆಗೆ ಗುಲಾಬಿ ಬಣ್ಣದ ಫ್ಲಾಕ್ಸ್ ಕೂಡ ಕೊಂಡೆವು.

ನಮ್ಮ ಅಂಗಳದ ಗಟ್ಟಿ ಕೆಂಪು ಮುರುಮು ಮಣ್ಣಿನಲ್ಲಿ ಗೊಬ್ಬರವಿಲ್ಲದೆ ಏನೂ ಏಳುವುದಿಲ್ಲ. ಅತ್ತೆಯ ತಮ್ಮ ಔರಾದ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕುತ್ತಾರೆ. ಅವರು ಹಳೆಯ ಕುರಿಹಿಕ್ಕಿ ಒಂದು ಚೀಲ ತುಂಬಿಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಚೀಲ ನೋಡಿ ಕೇಳಿದ: "ಏನದರಿ ಆಯಿ ಇದ್ರಾಗ?"

"ಪ್ರಸಾದ," ಎಂದರು ಅತ್ತೆ.

ಅವನು ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಕಾಲು ತಾಗಬಾರದೆಂದು ತಾನೇ ಎತ್ತಿ ಡ್ರೈವರನ ಹಿಂದೆ ಇಟ್ಟ. ಸ್ವಲ್ಪ ದಾರಿ ಸಾಗಿತು, ಬಿಸಿಲು ಏರಿತು, ವಾಸನೆ ಎದ್ದಿತು. ಡ್ರೈವರ್ ಮೂಗು ಮುಚ್ಚಿಕೊಂಡು ಹಿಂದೆ ತಿರುಗಿದ.

"ಯಾವ ದೇವರ ಪ್ರಸಾದ್ರೀ ಇದು?"

"ಕುರಿದು," ಎಂದರು ಅತ್ತೆ, ಮುಖ ಒಂದಿಷ್ಟೂ ಸಡಿಲಿಸದೆ. ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಕಿಟಕಿಯಿಂದ ಹೊರಗೆ ನೋಡುತ್ತ, ಇವರು ಯಾರೋ ನನಗೆ ಗೊತ್ತಿಲ್ಲ ಎಂಬಂತೆ ಕೂತೆ.

ಹಳೆಯ ಗಿಡ ಕಿತ್ತು, ಹಾರೆಯಿಂದ ಮುರುಮು ಅಗೆದು, ಗುಂಡಿಗೆ ಕರಿಮಣ್ಣು, ಹಿಕ್ಕಿ ಕಲಸಿ ಹಾಕಿ, ಸಂಜೆ ತಂಪಿನಲ್ಲಿ ಗೋಡೆಯುದ್ದಕ್ಕೂ ಸಸಿ ಹಚ್ಚಿದೆವು. ನನ್ನ ಅಂಗೈ ತುಂಬ ಬೊಬ್ಬೆ. ಶಿವರಾತ್ರಿ ಹತ್ತಿರ ಬರುವಷ್ಟರಲ್ಲಿ ಎಲೆ ಕಾಣದಂತೆ ಹೂ ಬಿಟ್ಟವು.

ಮೊದಲ ದಿನ ಮಾಸ್ತರರು ಬಂದು ಕೊಕ್ಕೆ ಎತ್ತಿದರು. ನಿಂತರು. ಗೋಡೆಯ ಮೇಲಿಂದ ಬಗ್ಗಿ ಮೂಸಿದರು. ಮುಖ ಕಿವುಚಿ ಕೋಲು ಇಳಿಸಿ ನಡೆದರು. ಕಿಟಕಿಯ ಹಿಂದೆ ನಾನೂ ಅತ್ತೆಯೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ಆಮೇಲೆ ಕೆಲವು ದಿನ ನಾನು ಚಹಾದ ಕಪ್ಪು ಹಿಡಿದು ಅಂಗಳದಲ್ಲೇ ಕೂತು ಹೂ ನೋಡಿದೆ. ಸ್ವಂತ ಮನೆಯ ಹೂ ನೋಡುವುದು ಇಷ್ಟು ಸುಖ ಎಂದು ಅಲ್ಲಿಯತನಕ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಅತ್ತೆಯೇ ಪೆಟೂನಿಯಾ ಹರಿದು ಸೆರಗಿಗೆ ಹಾಕಿಕೊಳ್ಳುತ್ತಿದ್ದಾರೆ.

"ಅತ್ತಿ! ಇದು ದೇವರಿಗಿ ನಡ್ಯಂಗಿಲ್ಲ ಅಂತಲೇ ತಂದೀವಲ್ರಿ!"

"ರೂಢಿ ಆಗ್ತದ ತಗೋ. ಮೊದ್ಲ ಮೊದ್ಲ ನೀ ಮಾಡಿದ ಸಾರು ನನಗೂ ನಡೀತಿದ್ದಿಲ್ಲ."

ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ನಡೆದೆ.

ಶಿವರಾತ್ರಿಯ ದಿನ ಮಾಸ್ತರರು ನಮ್ಮಲ್ಲಿ ಫಲಾಹಾರಕ್ಕೆ ಬಂದರು. ದೇವರ ಜಗಲಿಯ ಮೇಲೆ ನೇರಳೆ ಹೂ ಕಂಡು ಹುಬ್ಬೇರಿಸಿದರು. "ಇದು ನಡೀತದೇನ್ ಅಕ್ಕಾ?"

ಭಕ್ತಿಯ ಜೋರಿನಲ್ಲಿ ಅತ್ತೆ ಮೈಮರೆತರು. "ನಮ್ಮ ಲಿಂಗಕ್ಕ ನಡೀತದ, ನಿಮ್ಮ ಹಣಮಪ್ಪಗೇನ್ ಧಾಡಿ?"

ಮರುದಿನ ಬೆಳಿಗ್ಗೆ ಗೋಡೆ ಬೋಳು. ನಾನು ಅತ್ತೆಯ ಜೊತೆ ಮಾತು ಬಿಟ್ಟೆ.  ಅತ್ತೆ ಮೊಗ್ಗು ಮತ್ತೆ ಒಡೆಯುವತನಕ ಕಾದು, ಒಂದು ದಿನ ಎಲ್ಲರಿಗಿಂತ ಮೊದಲೇ ಎದ್ದು ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಕೂತರು. ಕೊಕ್ಕೆ ಗೋಡೆ ದಾಟುತ್ತಿದ್ದಂತೆಯೇ ಕರೆದರು.

"ಬರ್ರಿ ಮಾಸ್ತರ. ಕೋಲು ಅಲ್ಲೇ ಇಡ್ರಿ, ಒಳಗ ಬರ್ರಿ. ಈ ಪೈಪ್ ಹಿಡೀರಿ."

"ಯಾಕ್ ಅಕ್ಕಾ?"

"ನೀರು ಹಾಕ್ರಿ. ಒಣಗಿದ ಹೂ ಚಿವುಟ್ರಿ. ಆಮ್ಯಾಲ ನಾ ಕೊಟ್ಟಷ್ಟು ಒಯ್ರಿ."

ಮಾಸ್ತರರು ಓಣಿಯ ಆ ತುದಿ, ಈ ತುದಿ ನೋಡಿದರು. ಯಾರೂ ಇರಲಿಲ್ಲ. ಪೈಪ್ ಹಿಡಿದರು.

ಅಂದಿನಿಂದ ದಿನಾ ಬಂದರು. ನಾನು ನೀರು ಹಾಕಿದರೆ ಅರ್ಧ ನನ್ನ ಕಾಲಿಗೇ. ಅವರು ಬುಡ ನೋಡಿ ನಿಧಾನ ಹಾಕುತ್ತಿದ್ದರು. ಚಿವುಟಿದಷ್ಟೂ ಗಿಡ ಚಿಗುರಿತು. ಯುಗಾದಿಯವರೆಗೆ ಲಿಂಗಕ್ಕೂ ಹಣಮಪ್ಪನಿಗೂ ಸಾಕಾಗಿ ನನ್ನ ಕಣ್ಣಿಗೂ ಉಳಿಯಿತು. ಅತ್ತೆಗೂ ಮಾಸ್ತರರಿಗೂ ಮಾತ್ರ ದಿನಾ ಜಗಳ: ಮೊದಲ ಹೂ ಯಾರ ದೇವರಿಗೆ?

ಬಿಸಿಲು ಏರಿ ಪೆಟೂನಿಯಾ ಸುಟ್ಟುಹೋದವು. ಇಬ್ಬರೂ ಸೇರಿ ಬುಡ ಕಿತ್ತು ಮಣ್ಣು ಸಡಿಲಿಸಿದರು. ಆಗ ಮಾಸ್ತರರು ಜೇಬಿನಿಂದ ಒಂದು ಪೊಟ್ಟಣ ತೆಗೆದು ಕೊಟ್ಟರು: ಝೀನಿಯಾ ಬೀಜ. "ಬಿಸಲಿಗಿ ತಡೀತಾವು," ಎಂದಷ್ಟೇ ಹೇಳಿದರು. ಎಲ್ಲಿಂದ ತಂದಿರಿ ಎಂದು ಅತ್ತೆ ಕೇಳಲಿಲ್ಲ.

ಮರುದಿನ ಆಚೆ ಓಣಿಯ ಹೆಂಗಸೊಬ್ಬಳು ಸಿಟ್ಟಿನಿಂದ ಬಂದಳು. ಬೀಜಕ್ಕೆಂದು ಬಿಟ್ಟಿದ್ದ ಅವಳ ಝೀನಿಯಾ ಹೂಗಳನ್ನು ಯಾರೋ ಚಿವುಟಿ ಒಯ್ದಿದ್ದರಂತೆ. ಈ ಕಡೆ ಯಾರಾದರೂ ಬಂದದ್ದು ಕಂಡಿರಾ ಎಂದು ಕೇಳಿದಳು. ಮಾಸ್ತರರು ಹಿತ್ತಲಲ್ಲಿ ಪೈಪ್ ಹಿಡಿದವರು ಅಲ್ಲೇ ಗೋಡೆಗೆ ಅಂಟಿ ನಿಂತರು.

"ಯಾರೂ ಕಂಡಿಲ್ಲವ್ವಾ," ಎಂದರು ಅತ್ತೆ. "ಬಾ, ಕುಂದ್ರು. ಚಾ ಕುಡಿ."

ಬೀಜಗಳು ಒಂದೂ ಬಿಡದೆ ಮೊಳೆತವು.