ಅಟ್ಟ ಸೇರಿದ ಸ್ಲೇಟು

ನನ್ನ ಮಾವನವರು ಜೀವಮಾನವೆಲ್ಲ ಒಂದನೇ ತರಗತಿಗೆ ಅಕ್ಷರ ಕಲಿಸಿದ ಮೇಷ್ಟ್ರು. ಅಂಥವರು ನಾಲ್ಕು ವರ್ಷದ ಮೊಮ್ಮಗಳ ಸ್ಲೇಟನ್ನು ಒಯ್ದು ಅಟ್ಟದ ಮೇಲೆ, ಕೊಬ್ಬರಿಗೆಂದು ಒಣಗಲು ಬಿಟ್ಟಿದ್ದ ಕಾಯಿಗಳ ನಡುವೆ ಬಚ್ಚಿಟ್ಟರು. ಯಾಕೆಂದು ಕೇಳಿದರೆ, "ಕಾಯಿ ಜೊತೆ ಅದೂ ಒಂದು ವರ್ಷ ಇರ್ಲಿ ಬುಡವ್ವ" ಎಂದು ಎಲೆಗೆ ಸುಣ್ಣ ಹಚ್ಚತೊಡಗಿದರು.

ಮಗಳು ಗಾನವಿಯನ್ನು ಆಗಷ್ಟೇ ತುರುವೇಕೆರೆಯಲ್ಲಿ ಎಲ್‌ಕೆಜಿಗೆ ಸೇರಿಸಿದ್ದೆವು. ದಿನವೂ ಪುಟಗಟ್ಟಲೆ ಹೋಮ್‌ವರ್ಕ್. ಬೆಳಿಗ್ಗೆ ವ್ಯಾನಿನ ಹಾರನ್ ಕೇಳಿದರೆ ಸಾಕು, ಬಲಗೈಯನ್ನು ಫ್ರಾಕಿನೊಳಗೆ ಅಡಗಿಸಿಕೊಂಡು ಮಂಚದ ಕೆಳಗೆ ಸೇರಿಬಿಡುತ್ತಿದ್ದಳು. ಒಂದು ದಿನ ಮಾವನವರೇ ಹೋಗಿ ಡ್ರೈವರಿಗೆ, "ನಾಳೆಯಿಂದ ಈ ಕಡೆ ಬರ್ಬೇಡ ಕಣಪ್ಪ" ಎಂದುಬಿಟ್ಟರು.

ನನ್ನ ಗಂಡ ಕೆಂಡಾಮಂಡಲವಾದರು. "ಅಪ್ಪಾ, ಎದುರುಮನೆ ಹುಡುಗ ಎಬಿಸಿಡಿ ಪಟಪಟಾಂತ ಒಪ್ಪಿಸ್ತಾನೆ. ಇವಳು ಹಿಂದೆ ಬಿದ್ರೆ ಯಾರು ಹೊಣೆ?"

"ನಾನೇ ಕಣ್ಲಾ. ನಿನ್ನೂ ಇದೇ ವಯಸ್ಸಿಗೆ ಕೂರ್ಸಿ, ಬೆರಳು ಹಿಡ್ದು ತಿದ್ದಿಸ್ದೋನು ನಾನೇ. ಮೇಷ್ಟ್ರ ಮಗ ಅಂತ ಊರೆಲ್ಲ ಹೊಗಳ್ತು. ಕಾಲೇಜು ಮುಗಿದ್ಮೇಲೆ ಒಂದು ಪುಸ್ತಕ ಮುಟ್ಟಿದೀಯೇನ್ಲಾ?"

ನಮ್ಮ ಮನೆಯಲ್ಲಿ ಪೇಪರು ಓದುತ್ತಿದ್ದವರು ಮಾವ ಒಬ್ಬರೇ.

ಆಮೇಲೆ ತಾತ ಮೊಮ್ಮಗಳ ಶಾಲೆ ಅಟ್ಟದ ಮೇಲೇ ನಡೆಯಿತು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿರುವುದು ನೀರೋ, ಒಣಗಿ ಚಿಪ್ಪು ಬಿಟ್ಟ ಕೊಬ್ಬರಿಯೋ ಎಂದು ಅವಳು ಹೇಳಬೇಕು. ಒಮ್ಮೆ ಹಟ ಹಿಡಿದು, ನೀರು ಆರದ ಕಾಯನ್ನೇ ಸುಲಿಸಿ ಒಡೆಸಿದಳು. ತಿರುಳು ಚಿಪ್ಪಿಗೆ ಕಚ್ಚಿಕೊಂಡಿತ್ತು. ಕೀಳಲು ಹೋದರೆ ಚೂರುಚೂರು. ಮಾವ ಬೈಯಲಿಲ್ಲ. "ತಾನಾಗೇ ಬಿಡ್ಬೇಕು ಕಣವ್ವ, ನಾವು ಕಾಯ್ಬೇಕು" ಎಂದರು. ಹೇಳಿದ್ದು ಮಗುವಿಗೆ, ನೋಡಿದ್ದು ನನ್ನನ್ನು.

ನನಗೂ ಭಯವಿತ್ತು, ಸುಳ್ಳು ಯಾಕೆ ಹೇಳಲಿ. ಸಂಪಿಗೆ ಊರಿನ ನೆಂಟರು, "ಇನ್ನೂ ಸ್ಕೂಲಿಗೆ ಹಾಕಿಲ್ವೇನೇ?" ಎಂದಾಗಲೆಲ್ಲ ಮಾತು ಮರೆಸುತ್ತಿದ್ದೆ. ಆದರೆ ಮಗು ಮಂಚದ ಕೆಳಗೆ ನುಸುಳುವುದನ್ನೇ ಬಿಟ್ಟಿದ್ದಳು. ಸಂಜೆ ತಾತ ಪೇಪರು ಬಿಡಿಸಿದರೆ ತೊಡೆಯೇರಿ ಕೂತು ಚಿತ್ರ ನೋಡುವಳು, ಬೇಜಾರಾದರೆ ಇಳಿದು ಓಡುವಳು. ಅಕ್ಷರದ ಸುದ್ದಿಯೇ ಇಲ್ಲ.

"ಯಾವಾಗ ಮಾವ ಹೇಳ್ಕೊಡೋದು?"

"ಅವಳೇ ಕೇಳ್ತಾಳೆ ತಡಿಯವ್ವ. ಅದನ್ನ ಕೇಳೋಕೇ ನಾನೂ ಕಾಯ್ತಿವ್ನಿ."

ಚಳಿಗಾಲದಲ್ಲಿ ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲ. ಅವರು ಕೂರುತ್ತಿದ್ದ ಜಗಲಿಯ ಮೂಲೆಯಲ್ಲಿ ಈಗಲೂ ನಾವ್ಯಾರೂ ಕೂರುವುದಿಲ್ಲ.

ಮೊನ್ನೆ ರಾಗಿ ರೊಟ್ಟಿ ತಟ್ಟುತ್ತಿದ್ದೆ. ಗಾನವಿ ಅಂಗಡಿಯಿಂದ ಬಂದ ಬೇಳೆಯ ಪೊಟ್ಟಣ ಹಿಡಿದು ಬಂದು, ಅದರ ಮೇಲಿನ ಅಕ್ಷರವೊಂದಕ್ಕೆ ಬೆರಳಿಟ್ಟಳು. "ಅಮ್ಮಾ, ಇದೇನು? ನಂಗೂ ಓದೋದು ಹೇಳ್ಕೊಡು."

ಹಿಟ್ಟಿನ ಕೈಯಲ್ಲೇ ದಡಬಡಿಸಿ ಎದ್ದು ಜಗಲಿಯ ಕಡೆ ತಿರುಗಿ, "ಮಾವಾ, ಕೇಳಿದ್ಲು!" ಎಂದು ಕೂಗಿಬಿಟ್ಟೆ.