ಮೀಟರಿನೊಡನೆ ಮಾತು

ಮೊದಲೇ ಒಂದು ವಿಷಯವನ್ನು ನಿವೇದಿಸಿಕೊಳ್ಳುತ್ತೇನೆ. ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವರಲ್ಲಿ ನಾನೇ ಮೊದಲಿಗ. ನಾನು ಬರೆದದ್ದು ಸರಿಯೋ ತಪ್ಪೋ ಎಂದು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ, ಒಂದು ವಾಕ್ಯ ಬರೆದರೆ ಅದನ್ನು ಮತ್ತೆ ಮತ್ತೆ ಓದಿ, ವಿಭಕ್ತಿ ಪ್ರತ್ಯಯಗಳೆಲ್ಲ ಸ್ವಸ್ಥಾನದಲ್ಲಿವೆಯೇ ಎಂದು ತಡವಿ ನೋಡುವ ಅಭ್ಯಾಸ ನನಗೆ ಅಂಟಿಕೊಂಡಿದೆ. ಅಷ್ಟಾದರೂ ತಪ್ಪುಗಳು ಉಳಿಯುತ್ತವೆ. ಇಲ್ಲಿಯೂ ಉಳಿದಿರಬಹುದು. ಎಲ್ಲಿ ಹೆಚ್ಚು ಹೇಳಿದೆನೋ, ಎಲ್ಲಿ ಹೇಳಬೇಕಾದದ್ದನ್ನು ಬಿಟ್ಟೆನೋ, ಓದುಗರು ತಮ್ಮವನೇ ಎಂದು ತಿಳಿದು ಮನ್ನಿಸಬೇಕು.

ಕಳೆದ ವಾರ ಬಳ್ಳಾರಿಯ ನಮ್ಮ ಮನೆಗೆ ಹೊಸ ಕರೆಂಟ್ ಮೀಟರು ಕೂಡಿಸಲು ಇಬ್ಬರು ಯುವಕರು ಬಂದಿದ್ದರು. ಅವರಲ್ಲೊಬ್ಬನು ಹಳೆಯದನ್ನು ಗೋಡೆಯಿಂದ ಕಳಚಿ, "ಸರ್, ಒಂದು ನಿಮಿಷ ಹಿಡ್ಕೊಳ್ರಿ" ಎಂದು ನನ್ನ ಕೈಗಿತ್ತ. ಅಷ್ಟು ಪುಟ್ಟ ವಸ್ತುವಿಗೆ ಇಷ್ಟು ಭಾರವಿದ್ದೀತೆಂದು ನಾನು ಎಣಿಸಿರಲಿಲ್ಲ. ಅದರಿಂದ ಬೆಚ್ಚನೆಯ ಧೂಳಿನ ವಾಸನೆ, ಅದರೊಳಗೆ ಹಳೆಯ ಅರಗಿನದೋ ಏನೋ ಇನ್ನೊಂದು ವಾಸನೆ ಬಂದಿತು. ನೀವು ನಗಬಹುದು, ಆ ವಾಸನೆಗೆ ನನಗೆ ನೆನಪಾದವರು ನಮ್ಮ ಅಪ್ಪ ಮತ್ತು ದೊಡ್ಡಪ್ಪ.

ನಮ್ಮ ಊರು ಸಿರುಗುಪ್ಪದಿಂದ ಕೆಂಚನಗುಡ್ಡದ ಕಡೆಗೆ ಹೋಗುವಾಗ ಹೊಳೆಯ ಬದಿಗೆ ಸಿಗುತ್ತದೆ. ಅಪ್ಪನಿಗೂ ದೊಡ್ಡಪ್ಪನಿಗೂ ಅಲ್ಲಿ ಒಂದಕ್ಕೊಂದು ತಾಗಿದ ಗದ್ದೆಗಳು. ದೊಡ್ಡಪ್ಪನದು ಮೇಲಿನದು, ನಮ್ಮದು ಕೆಳಗಿನದು. ಎರಡಕ್ಕೂ ಹೊಳೆಯಿಂದ ನೀರೆತ್ತುವ ಮೋಟರು ಒಂದೇ. ಅರವತ್ತರ ದಶಕದ ಕೊನೆಯಲ್ಲಿ ಊರಿಗೆ ಕಂಬಗಳು ಬಂದಾಗ ಅಣ್ಣತಮ್ಮಂದಿರು ಕೂಡಿ ಹಾಕಿಸಿದ್ದು. ಆಗ ಅವರು ಒಂದೇ ಮನೆಯಲ್ಲಿದ್ದರು.

ಬೇರೆಯಾದದ್ದು ಆಮೇಲೆ. ಅದರ ಕಾರಣವನ್ನು ಹೇಳಲು ಇಂದಿಗೂ ಸಂಕೋಚ, ಏಕೆಂದರೆ ಕಾರಣವೇ ಅಷ್ಟು ಸಣ್ಣದು. ಹಿರಿಯರ ಮುಂದೆ ದೊಡ್ಡಪ್ಪ ತಾವೇ ಹೆಜ್ಜೆ ಹಾಕಿ ಗದ್ದೆಯನ್ನು ಎರಡು ಪಾಲು ಮಾಡಿದರು. ಅಪ್ಪ ಅಂಜುಗುಳಿ, ಏನನ್ನೂ ಮತ್ತೊಮ್ಮೆ ನೋಡಿಕೊಳ್ಳದೆ ಬಿಡುವವರಲ್ಲ. ಆ ಸ್ವಭಾವ ನನಗೂ ಬಂದಿದೆ. "ಒಮ್ಮಿ ಸರಪಳಿ ಹಿಡಿಸೋಣೇನಣ್ಣ?" ಎಂದು ಮೆಲ್ಲಗೆ ಕೇಳಿದರಂತೆ. ಸರಪಳಿ ಹಿಡಿದು ಅಳೆದಾಗ ದೊಡ್ಡಪ್ಪನ ಹೆಜ್ಜೆಯ ಲೆಕ್ಕವೇ ಸರಿಯೆಂದು ತಿಳಿಯಿತು. ತಪ್ಪಾಗಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು, ಸರಿಯಾಗಿದ್ದುದರಿಂದಲೇ ಬೆಳೆಯಿತು. "ನನ್ನ ಹೆಜ್ಜಿ ಮ್ಯಾಗ ನನ್ನ ತಮ್ಮ ಸರಪಳಿ ಎಳೆಸಿದ" ಎಂದು ದೊಡ್ಡಪ್ಪ ಊರೆಲ್ಲ ಹೇಳಿಕೊಂಡು ಬಂದರು. ಅಂದಿನಿಂದ ಅವರು ನಮ್ಮ ಹೊಸ್ತಿಲು ತುಳಿಯಲಿಲ್ಲ. ಕುರುಗೋಡಿನಿಂದ ಬಂದಿದ್ದ ದೊಡ್ಡವ್ವನಿಗೂ ನಮ್ಮ ಅವ್ವನಿಗೂ ಮೊದಲೇ ಅಷ್ಟಕ್ಕಷ್ಟೆ. ಅವರಿಗೆ ಇದೊಂದು ಅನುಕೂಲವೇ ಆಯಿತು.

ಆದರೆ ಮೋಟರನ್ನು ಪಾಲು ಮಾಡಲು ಬರುವುದಿಲ್ಲವಲ್ಲ. ಆದ್ದರಿಂದ ಪಾಳಿ ಹಚ್ಚಿಕೊಂಡರು. ಒಬ್ಬರ ಪಾಳಿ ಮುಗಿದು ಮತ್ತೊಬ್ಬರದು ಶುರುವಾಗುವಾಗ ಇಬ್ಬರೂ ಪಂಪಿನ ಮನೆಗೆ ಬಂದು, ಮೀಟರಿನ ಮುಂದೆ ನಿಂತು, ಅಂಕಿಗಳನ್ನು ಗಟ್ಟಿಯಾಗಿ ಓದಬೇಕು. ಯಾರ ಗದ್ದೆಗೆ ಎಷ್ಟು ಕರೆಂಟು ಹೋಯಿತೆಂಬುದು ಅದರಿಂದಲೇ ತೀರ್ಮಾನ. ಅಪ್ಪ ಕನ್ನಡ ಸಾಲೆಗೆ ಸ್ವಲ್ಪ ಕಾಲ ಹೋಗಿದ್ದವರು. ದೊಡ್ಡಪ್ಪ ಆಂಧ್ರದ ಆದವಾನಿಯ ಹತ್ತಿ ವ್ಯಾಪಾರದಲ್ಲಿ ಓಡಾಡಿದವರು. ಅವರಿಗೆ ಎಣಿಕೆಯೆಲ್ಲ ತೆಲುಗಿನಲ್ಲೇ.

"ಮೂಡು, ಏಡು, ಸುನ್ನ, ನಾಲುಗು" ಎಂದು ದೊಡ್ಡಪ್ಪ.

"ಮೂರು, ಏಳು, ಸೊನ್ನಿ, ನಾಕು" ಎಂದು ಅಪ್ಪ.

ಸಂಧ್ಯಾವಂದನೆಯ ಮಂತ್ರದಂತೆ ಇದು ವರ್ಷಗಟ್ಟಲೆ ನಡೆಯಿತು. ಮೊದಮೊದಲು ಓದಿದ ಕೂಡಲೇ ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ. ಬರಬರುತ್ತ ಓದಿದ ಮೇಲೆ ಒಂದಿಷ್ಟು ಹೊತ್ತು ನಿಲ್ಲತೊಡಗಿದರು. ಪರಸ್ಪರ ಮಾತಾಡುವಂತಿಲ್ಲ, ಮಾನದ ಪ್ರಶ್ನೆ. ಹಾಗಾಗಿ ಇಬ್ಬರೂ ಮೀಟರಿನೊಡನೆ ಮಾತಾಡುತ್ತಿದ್ದರು. ಇದನ್ನು ನಾನು ಕಾಲೇಜಿನ ರಜೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

"ಸಸಿ ತುದಿ ಕೆಂಪಗಾಗಾಕ ಹತ್ಯಾವು" ಎನ್ನುವರು ದೊಡ್ಡಪ್ಪ, ಮೀಟರಿನೊಳಗೆ ತಿರುಗುವ ಬಿಲ್ಲೆಯನ್ನೇ ನೋಡುತ್ತ. "ಯಾವನ ಕೇಳಬೇಕು."

ಅಪ್ಪನೂ ಬಿಲ್ಲೆಗೇ ಹೇಳುವರು: "ಬೇವಿನ ಹಿಂಡಿ ಹಾಕಿದ್ರ ತಡಿತೈತಿ ಅಂತಾರಪ. ನಾವಂತೂ ಹಾಕೀವಿ."

"ಕೆಲವರು ಹಾಕ್ತಾರ, ಹೇಳಂಗಿಲ್ಲ."

"ಕೇಳಿದ್ರ ತಾನ ಹೇಳೂದು."

ಲೈನ್‌ಮನ್ ಹುಸೇನಸಾಬ್ ಒಮ್ಮೆ ಇದರ ನಡುವೆ ಬಂದು ಸಿಕ್ಕಿಕೊಂಡರು. ಇಬ್ಬರ ಮುಖವನ್ನೂ ಮೀಟರಿನ ಮುಖವನ್ನೂ ನೋಡಿ, "ಗೌಡ್ರ, ನಾ ಇದನ್ನ ಓದಾಕ ಬಂದೀನಿ. ನೀವು ನೋಡಿದ್ರ ಇದರ ಕೂಡ ಸಂಸಾರನ ಮಾಡಾಕ ಹತ್ತೀರಿ" ಎಂದರು. ಇಬ್ಬರೂ ನಕ್ಕರು, ಆದರೆ ಒಬ್ಬರನ್ನೊಬ್ಬರು ನೋಡಲಿಲ್ಲ. ನನ್ನ ಪಿಯುಸಿ ಫಲಿತಾಂಶ, ದೊಡ್ಡಪ್ಪನ ಮಗಳಿಗೆ ಬಂದ ಗಂಡು, ಅವ್ವನ ಮೊಣಕಾಲು ನೋವು, ಎಲ್ಲವೂ ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಮೀಟರಿನ ಮೂಲಕವೇ ತಲುಪುತ್ತಿದ್ದವು.

ಎಂಬತ್ತರ ದಶಕದ ಆರಂಭದಲ್ಲಿ ಹೊಸ ಪದ್ಧತಿ ಬಂದಿತು. ಪಂಪ್‌ಸೆಟ್ಟುಗಳಿಗೆ ಇನ್ನು ಮೀಟರು ಓದುವುದಿಲ್ಲ. ಮೋಟರಿನ ಎಚ್‌ಪಿ ಎಷ್ಟೋ ಅಷ್ಟಕ್ಕೆ ಒಂದೇ ದರ. ಎಷ್ಟು ಓಡಿಸಿದರೂ ಅಷ್ಟೆ. ನಾನಾಗ ಬಿ.ಎ. ಮುಗಿಸಿ ಕುರುಗೋಡಿನಲ್ಲಿ ತಾತ್ಕಾಲಿಕ ಮಾಸ್ತರಿಕೆ ಮಾಡುತ್ತಿದ್ದೆ. ಭಾನುವಾರ ಊರಿಗೆ ಹೋದಾಗ ಕಟ್ಟೆಯ ಮೇಲಿದ್ದವರು, ಓದಿದವನೆಂದು, ಇದನ್ನು ಬಿಡಿಸಿ ಹೇಳಲು ಕೇಳಿದರು. ನಾನು ಎದ್ದು ನಿಂತು, "ಅಳತೆಯಾಧಾರಿತ ದರಕ್ಕೆ ಬದಲಾಗಿ ಸಾಮರ್ಥ್ಯಾಧಾರಿತ ಏಕರೂಪ ದರವನ್ನು ಜಾರಿಗೊಳಿಸಲಾಗಿದೆ" ಎಂದು ಶುರುಮಾಡಿದೆ. ಒಬ್ಬರು ಕೈಯೆತ್ತಿ, "ಮಾಸ್ತರ, ಸ್ವಲ್ಪ ಕನ್ನಡದಾಗ ಹೇಳ್ರಲ್ಲ" ಎಂದರು. ನಾನು ಕನ್ನಡದಲ್ಲೇ ಹೇಳುತ್ತಿದ್ದೆನೆಂಬುದನ್ನು ಅವರಿಗೆ ಮನವರಿಕೆ ಮಾಡಿಕೊಡುವ ಧೈರ್ಯವಾಗಲಿಲ್ಲ.

ಊರಿಗೆ ಊರೇ ಸಂತೋಷಪಟ್ಟಿತು. ಸಂತೋಷಪಡಬೇಕಾದದ್ದೇ. ಗದ್ದೆ ಗದ್ದೆ ಅಲೆದು ಮೀಟರು ಓದಲು ಇಲಾಖೆಗೆ ಜನವಿರಲಿಲ್ಲ, ಓದಿದ್ದರಲ್ಲಿ ತಪ್ಪುಗಳಿದ್ದವು, ತಪ್ಪು ತಿದ್ದಿಸಲು ರೈತ ಕೆಲಸ ಬಿಟ್ಟು ಸಿರುಗುಪ್ಪಕ್ಕೆ ಅಲೆಯಬೇಕಿತ್ತು. ಇದನ್ನೆಲ್ಲ ಯೋಚಿಸಿಯೇ ಯಾರೋ ಸಜ್ಜನರು ಈ ಸುಧಾರಣೆ ತಂದಿರಬೇಕು. ಮನೆಗೆ ಬಂದು ಅಪ್ಪನಿಗೂ ಉತ್ಸಾಹದಿಂದ ಹೇಳಿದೆ. ಅವರು, "ಓದೂದ ಇಲ್ಲಂದಮ್ಯಾಗ, ಅಣ್ಣ ಪಂಪಿನ ಮನಿಗಿ ಯಾಕ ಬರ್ತಾನ?" ಎಂದರು.



ಮರುದಿನ ನನಗೆ ರಜೆ ಹಾಕಿಸಿ, ನನ್ನನ್ನು ಕರೆದುಕೊಂಡು ಸಿರುಗುಪ್ಪದ ಕರೆಂಟ್ ಆಫೀಸಿಗೆ ಹೋದರು. ಅಲ್ಲಿದ್ದ ಎಂಜಿನಿಯರು ಒಳ್ಳೆಯವರು, ಕುರ್ಚಿ ಕೊಟ್ಟರು.

"ಗೌಡ್ರ, ಎಲ್ಲಾರು ಲಗೂನ ಮೀಟರ್ ತಗೀರಿ ಅಂತ ಬರ್ತಾರ. ನೀವೊಬ್ರು ಇಡ್ರಿ ಅಂತ ಬಂದೀರಿ."

"ಇಬ್ಬರು ಅಣ್ಣತಮ್ಮರು ಒಂದ ಮೋಟರಿನ ಮ್ಯಾಗ ಅದೀವ್ರಿ, ಸಾಹೇಬ್ರ."

"ಹಂಗಾದ್ರ ಚಲೋನ ಆತು. ಅರ್ಧ ಅವರು, ಅರ್ಧ ನೀವು. ಜಗಳದ ಮಾತೇ ಇಲ್ಲ."

"ಜಗಳ ಇಲ್ಲರಿ. ಅದಕ್ಕ ಬಂದೀನಿ."

ಎಂಜಿನಿಯರಿಗೆ ಅರ್ಥವಾಗಲಿಲ್ಲ. ಅವರು ನನ್ನ ಕಡೆ ನೋಡಿದರು. ಅರ್ಥಶಾಸ್ತ್ರದ ಪದವೀಧರನಾದ ನಾನು ಬಾಯಿ ತೆರೆದೆ. ಆದರೆ ಇದನ್ನು ಯಾವ ಪಾರಿಭಾಷಿಕ ಪದದಲ್ಲಿ ಹೇಳುವುದೆಂದು ತಿಳಿಯದೆ ಮತ್ತೆ ಮುಚ್ಚಿದೆ.

"ಅಲ್ಲರಿ, ಇಟ್ರೂ ಅದನ್ನ ಓದಾಕ ನಮ್ಮವರು ಯಾರೂ ಬರಂಗಿಲ್ಲ" ಎಂದರು ಅವರು.

"ನೀವೇನ್ ತ್ರಾಸು ತಗೋಬ್ಯಾಡ್ರಿ. ನಾವ ಓದ್ಕೋತೀವಿ" ಎಂದರು ಅಪ್ಪ.

ಆದರೆ ಮೀಟರು ಸರ್ಕಾರದ್ದು, ಒಪ್ಪಿಸಲೇಬೇಕು. ಮುಂದಿನ ವಾರ ಹುಸೇನಸಾಬ್ ಬಂದು ಅದನ್ನು ಕಳಚಿ, ಗೋಣಿಚೀಲದಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದರು. ಕಳಚುವ ಮುನ್ನ ಇಬ್ಬರೂ ಒಮ್ಮೆ ಓದಿದರಂತೆ, ಕನ್ನಡದಲ್ಲೊಮ್ಮೆ, ತೆಲುಗಿನಲ್ಲೊಮ್ಮೆ.

ಅಪ್ಪ ಅಂಜಿದಂತೆಯೇ ಆಯಿತು. ದೊಡ್ಡಪ್ಪ ತಮ್ಮ ಪಾಳಿ ಮುಗಿದಾಗ ಹೊರಟುಬಿಡುತ್ತಿದ್ದರು. ಅಪ್ಪ ಮಾತ್ರ ಹಳೆಯ ಹೊತ್ತಿಗೇ ಹೋಗಿ ಪಂಪಿನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದು ಬರುತ್ತಿದ್ದರು. ಅವ್ವ, "ಹೋದ ಮೀಟರಿಗಿ ಎಷ್ಟು ದಿನ ದುಃಖ ಮಾಡ್ತೀರಿ?" ಎಂದು ಚುಚ್ಚುವಳು.

ಇತ್ತ ಊರಿನಲ್ಲಿ ಬೇರೊಂದು ರೂಢಿ ಹುಟ್ಟಿಕೊಂಡಿತು. ಎಷ್ಟು ಓಡಿಸಿದರೂ ಅಷ್ಟೇ ಎಂದಮೇಲೆ ಮೋಟರನ್ನು ನಿಲ್ಲಿಸುವುದೇಕೆ? ಎಲ್ಲರೂ ಓಡಿಸಿದ್ದರಿಂದ ವೋಲ್ಟೇಜು ಇಳಿಯಿತು. ವೋಲ್ಟೇಜು ಇಳಿದರೆ ಸ್ಟಾರ್ಟರು ತಾನಾಗಿ ಬಿದ್ದು ಮೋಟರನ್ನು ನಿಲ್ಲಿಸುತ್ತದೆ. ಅದು ಮೋಟರನ್ನು ಕಾಯುವ ಉಪಾಯ. ನಮ್ಮವರು ಅದು ಬೀಳದಂತೆ ಸೈಕಲ್ ಟ್ಯೂಬಿನ ತುಂಡಿನಿಂದ ಅದರ ಗುಂಡಿಯನ್ನು ಒತ್ತಿ ಬಿಗಿದು ಕಟ್ಟಿ ಮನೆಗೆ ಬಂದು ಮಲಗತೊಡಗಿದರು. ಸಿರುಗುಪ್ಪದ ಸೈಕಲ್ ಅಂಗಡಿಗಳಲ್ಲಿ ಹಳೆಯ ಟ್ಯೂಬುಗಳಿಗೆ ಆ ವರ್ಷ ಬಂದಷ್ಟು ಗಿರಾಕಿ ಮತ್ತೆಂದೂ ಬರಲಿಲ್ಲವೆಂದು ಕೇಳಿದ್ದೇನೆ.

ನಾಟಿ ಮಾಡಿದ ಹೊಸತರಲ್ಲಿ, ನಾನು ರಜೆಗೆ ಊರಿಗೆ ಬಂದಿದ್ದಾಗ ಒಂದು ಮಧ್ಯಾಹ್ನ, ಅಪ್ಪ ತಮ್ಮ ಪಾಳಿಗೆ ಹೋಗಿ ಗುಂಡಿ ಒತ್ತಿದರೆ ಮೋಟರು ಗುಂಯ್ ಎಂದು ನರಳಿತೇ ಹೊರತು ತಿರುಗಲಿಲ್ಲ. ಸುಟ್ಟ ವಾಸನೆ. ಒತ್ತಿದ್ದು ಅಪ್ಪ; ಸುತ್ತಲಿನ ಗದ್ದೆಯವರು ಕಂಡದ್ದೂ ಅದನ್ನೇ. ಸಂಜೆಯ ಹೊತ್ತಿಗೆ, ಮೋಟರು ತಮ್ಮನ ಕೈಯಲ್ಲಿ ಸುಟ್ಟಿತೆಂದು ಊರು ಮಾತಾಡಿತು. ಅವ್ವ ಮಾತ್ರ ಒಪ್ಪಲಿಲ್ಲ. "ಅವರ ಪಾಳಿಯಾಗ ಸುಟ್ಟಿರತೈತಿ. ಹೋಗಿ ಕೇಳ್ರಿ" ಎಂದು ಹಟ ಹಿಡಿದಳು.

"ಒಮ್ಮಿ ಸರಪಳಿ ಕೇಳಿದ್ದ ಸಾಕು" ಎಂದರು ಅಪ್ಪ. ಆ ವಿಷಯವನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕೇಳಿದರೆ ಅಣ್ಣ ಶಾಶ್ವತವಾಗಿ ದೂರ. ಕೇಳದಿದ್ದರೆ ತಪ್ಪು ತಮ್ಮ ತಲೆಯ ಮೇಲೆ. ಅಪ್ಪ ಕೇಳದಿರುವುದನ್ನೇ ಆರಿಸಿಕೊಂಡರು.

ಮರುದಿನ ಬೆಳಿಗ್ಗೆ ದೊಡ್ಡಪ್ಪ ನಮ್ಮ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ. ಅವ್ವ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಬಸಣ್ಣ," ಎಂದರು ದೊಡ್ಡಪ್ಪ. ಅಪ್ಪನ ಹೆಸರನ್ನು ಆ ಬಾಯಲ್ಲಿ ಕೇಳಿ ಎಷ್ಟೋ ವರ್ಷಗಳಾಗಿದ್ದವು. "ಮೋಟರ್ ಸುಟ್ಟಿದ್ದು ನನ್ನ ಪಾಳಿಯಾಗ. ಟ್ಯೂಬ್ ಕಟ್ಟಿ ಊರೊಳಗ ಬಂದಿದ್ದೆ. ತಿರುಗಿ ಹೋದಾಗ ಹೊಗಿ ಬರ್ತಿತ್ತು. ಟ್ಯೂಬ್ ಬಿಚ್ಚಿ ಸುಮ್ನ ಬಂದೆ. ನೀ ಒತ್ತಿದ್ದು ಸತ್ತ ಮೋಟರು."

"ನಾ ಏನೂ ಕೇಳಿಲ್ಲಲ್ಲಣ್ಣ."

"ಕೇಳಲಿಲ್ಲ. ಕೇಳಿದ್ರ ಜಗಳ ತಗದು ಆರಾಮ ಇರ್ತಿದ್ದೆ. ಮೀಟರಿದ್ರ ಅದ ಹೇಳ್ತಿತ್ತು. ಈಗ ನಾನ ಬಂದು ಹೇಳಬೇಕಾತು" ಎಂದರು.

"ಒಳಗ ಬಾ."

"ಕಾಲು ಕೆಸರಾಗ್ಯಾವು."

"ನೀ ಹುಟ್ಟಿದ ಮನಿಗಿ ಕಾಲು ತೊಳಕೊಂಡ ಬರಬೇಕೇನು? ಬಾ ಸುಮ್ನ."

ಅವ್ವ ಎದ್ದು, ದೊಡ್ಡಪ್ಪನ ಕಡೆ ನೋಡದೆ, ಅಪ್ಪನನ್ನು ಕೇಳಿದಳು: "ಚಾ ಕುಡಿತಾರಂತೇನು, ಕೇಳ್ರಿ."

ಅಂದೇ ಇಬ್ಬರೂ ಮೋಟರನ್ನು ಬಂಡಿಯಲ್ಲಿ ಹೇರಿಕೊಂಡು ಸಿರುಗುಪ್ಪಕ್ಕೆ, ಅಲ್ಲಿಂದ ಲಾರಿಯಲ್ಲಿ ಬಳ್ಳಾರಿಗೆ ಹೋಗಿ, ವೈಂಡಿಂಗ್ ಅಂಗಡಿಯ ಮುಂದೆ ದಿನವೆಲ್ಲ ಕುಳಿತು ಸರಿ ಮಾಡಿಸಿಕೊಂಡು ಬಂದರು. ದಾರಿಯುದ್ದಕ್ಕೂ ಏನು ಮಾತಾಡಿದರೆಂದು ನಾನು ಕೇಳಿದೆ. "ಏನೂ ಇಲ್ಲ. ಬೇವಿನ ಹಿಂಡಿ ಎಲ್ಲಿ ತರತಿ ಅಂತ ಕೇಳಿದ" ಎಂದರು ಅಪ್ಪ.

ಮುಂದೆ ನಾನು ಬಳ್ಳಾರಿಯಲ್ಲಿ ಅಧ್ಯಾಪಕನಾಗಿ, ಅಭಿವೃದ್ಧಿಶೀಲ ದೇಶಗಳಲ್ಲಿ ವಿದ್ಯುತ್ ಕ್ಷೇತ್ರದ ಸುಧಾರಣೆ ಎಂಬ ಪಾಠವನ್ನು ವರ್ಷ ವರ್ಷವೂ ಮಾಡಿದೆ. ಅಳತೆಯಿಲ್ಲದ ಕಡೆ ಬಳಕೆ ಮಿತಿಮೀರುತ್ತದೆ, ಬಳಕೆ ಮಿತಿಮೀರಿದರೆ ಪೂರೈಕೆ ಕುಸಿಯುತ್ತದೆ ಎಂದು ಹಲಗೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿದೆ. ಅದು ನಿಜ, ನಮ್ಮ ಊರಿನಲ್ಲೂ ಹಾಗೆಯೇ ಆಯಿತು, ಕರೆಂಟು ಇರುವ ಹೊತ್ತು ಕಡಿಮೆಯಾಗುತ್ತ ಬಂದಿತು. ಆದರೆ ಅಳತೆ ಹೋದಮೇಲೆ ಒಬ್ಬ ಮನುಷ್ಯ ತಾನಾಗಿ ಬಂದು ಬಾಗಿಲಲ್ಲಿ ನಿಂತದ್ದನ್ನು ಯಾವ ಬಾಣದ ತುದಿಯಲ್ಲಿ ಬರೆಯಬೇಕೆಂದು ನನಗೆ ಗೊತ್ತಾಗಲಿಲ್ಲ. ಹೊಸ ಮೀಟರು ಬೇಗ ಓಡುತ್ತದೆಯೆಂದು ಪಕ್ಕದ ಮನೆಯವರು ನಿನ್ನೆ ದೂರಿದಾಗ ಎಂದಿನಂತೆ ಅವರಿಗೆ ಪಾಠ ಹೇಳಲು ಹೋಗಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂಡಿಸಿ, ಮಾತನ್ನು ಪೂರ್ತಿ ಕೇಳಿದೆ.

ನಮ್ಮ ಕುಟುಂಬದಲ್ಲಿ ಆದ ಬದಲಾವಣೆ ಇಷ್ಟು. ಆ ಹಂಗಾಮಿನ ನಂತರ ಎರಡು ಮನೆಗಳಿಗೂ ಹೋಗಿಬರುವುದು ಶುರುವಾಯಿತು. ದೊಡ್ಡಪ್ಪನ ಮಗಳ ಮದುವೆಯಲ್ಲಿ ಅಪ್ಪನೇ ನಿಂತು ಅಡಿಗೆಯ ಉಸ್ತುವಾರಿ ನೋಡಿದರು. ಗದ್ದೆಗಳನ್ನು ಮತ್ತೆ ಒಂದು ಮಾಡಲಿಲ್ಲ. ಮೋಟರನ್ನು ಎರಡು ಮಾಡಲಿಲ್ಲ. ಅವ್ವ ಮತ್ತು ದೊಡ್ಡವ್ವ ಮಾತ್ರ ಕೊನೆಯವರೆಗೂ ಒಬ್ಬರ ಕೈಯಡಿಗೆಯನ್ನು ಇನ್ನೊಬ್ಬರು ಮೆಚ್ಚಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಪಾಳಿಯ ನೀರನ್ನೂ ಅಪ್ಪನೇ, ತಮ್ಮ ಕೈಕಾಲು ನಡೆಯುವವರೆಗೆ, ಹಾಯಿಸಿಕೊಟ್ಟರು.