ಮೈಕಮ್ಮನ ಉಸಿರು

ಬಸ್ ನಿಲ್ದಾಣದ ಮೊದಲ ಮಹಡಿಯಲ್ಲಿ ಮೂರು ಕಡೆ ಗೋಡೆ, ಒಂದು ಕಡೆ ಗಾಜು ಇರುವ ಚಿಕ್ಕ ಕೋಣೆಯೊಂದಿತ್ತು. ಗಾಜಿನಾಚೆ ಬಗ್ಗಿ ನೋಡಿದರೆ ಹದಿನೆಂಟು ಪ್ಲಾಟ್‌ಫಾರಂ ಕಾಣುತ್ತಿದ್ದವು. ಒಳಗೆ ಎರಡು ಮೇಜು, ಮೂರು ಫೋನು, ಒಂದು ಮೈಕು. ಆ ಮೈಕಿನ ಮುಂದೆ ಇಪ್ಪತ್ತಮೂರು ವರ್ಷದಿಂದ ಕೂತಿದ್ದವಳಿಗೆ ಸಂಬಳದ ಪಟ್ಟಿಯಲ್ಲಿ ಉದ್ದನೆಯ ಹೆಸರಿತ್ತು. ಡ್ರೈವರುಗಳು ಅದನ್ನು ಎಂದೋ ಬಿಟ್ಟು ಮೈಕಮ್ಮ ಎಂದು ಕರೆದರು, ಅದೇ ನಿಂತಿತು. ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವ ಅವಳ ಗಂಡನನ್ನೂ ಜನ ಮೈಕಮ್ಮನ ಯಜಮಾನರು ಎನ್ನುತ್ತಿದ್ದರು. ಆತ ಮಾತೇ ಆಡದ ಮನುಷ್ಯ. ಅವರ ಮನೆಯ ಮಾತೆಲ್ಲ ಬಸ್ ನಿಲ್ದಾಣದಲ್ಲೇ ಖರ್ಚಾಗಿ ಹೋಗುತ್ತದೆ ಎಂದು ನೆರೆಹೊರೆಯವರು ನಗುತ್ತಿದ್ದರು.

ಪಕ್ಕದ ಮೇಜಿನ ಕಂಟ್ರೋಲರು ಫೋನಿನಲ್ಲಿ ಬಂದ ಸುದ್ದಿಯನ್ನು ಚೀಟಿಯಲ್ಲಿ ಬರೆದು ಇತ್ತ ದಾಟಿಸುತ್ತಿದ್ದ. ಅವಳು ಗುಂಡಿ ಒತ್ತಿ ಓದುತ್ತಿದ್ದಳು. ಮೊದಲೆಲ್ಲ ಹೋಗುವ ಬರುವ ಪ್ರತಿ ಬಸ್ಸನ್ನೂ ಅವಳೇ ಕೂಗಬೇಕಿತ್ತು. ಈಗ ಹೊತ್ತಿಗೆ ಸರಿಯಾಗಿ ಹೊರಡುವ ಬಸ್ಸುಗಳನ್ನು ಯಂತ್ರವೇ ಹೇಳುತ್ತಿತ್ತು. ತಡವಾದದ್ದು, ಕೆಟ್ಟು ನಿಂತದ್ದು, ರದ್ದಾದದ್ದು ಮಾತ್ರ ಅವಳ ಪಾಲಿಗೆ ಉಳಿದಿದ್ದವು. ಎರಡು ವರ್ಷದಿಂದ ಬಸ್ಸುಗಳು ಹಳೆಯದಾಗುತ್ತ ಹೋದ ಹಾಗೆ ಆ ಪಾಲು ಬೆಳೆಯುತ್ತ ಬಂತು. ಬಸ್ಸು ಕೆಡುವುದು ಎಲ್ಲೋ, ಬೈಗುಳ ತಿನ್ನುವುದು ಇವಳು. ಜನ ಮೆಟ್ಟಿಲು ಹತ್ತಿ ಬಂದು ಗಾಜು ಬಡಿದು ಕೇಳುತ್ತಿದ್ದರು, "ನಿಮಗೇನ್ರೀ, ತಣ್ಣಗೆ ಕೂತು ರದ್ದು ಅಂತೀರಿ." ಅವಳು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು. ಹೊಟ್ಟೆಗೂ ಒಂದು ಮಿತಿ ಇರುತ್ತದೆ.

ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಏಳನೇ ನಂಬರಿನ ಬಸ್ಸು ರದ್ದಾದ ಚೀಟಿ ಓದುತ್ತಿದ್ದಾಗ, ಅರ್ಧ ವಾಕ್ಯಕ್ಕೆ ಉಸಿರು ಸಿಕ್ಕಿಕೊಂಡಿತು. ಎದೆ ಡವಡವ ಹೊಡೆದುಕೊಂಡಿತು, ಬೆರಳು ಮರಗಟ್ಟಿದವು, ಇನ್ನೇನು ಪ್ರಾಣ ಹೋಯಿತು ಅನ್ನಿಸಿತು. ಗುಂಡಿಯಿಂದ ಕೈ ತೆಗೆಯಲೂ ಆಗಲಿಲ್ಲ. ಹದಿನೆಂಟು ಪ್ಲಾಟ್‌ಫಾರಮ್ಮಿನ ಜನ ಅವಳ ಏದುಸಿರನ್ನು ಕೇಳಿಸಿಕೊಂಡು ತಲೆಯೆತ್ತಿ ನೋಡಿದರು. ಕಂಟ್ರೋಲರು ಎದ್ದು ಬಂದು ಮೈಕು ಆರಿಸಿದ.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ನೋಡಿದರು, ರಕ್ತ ತೆಗೆದರು. ಡಾಕ್ಟರಮ್ಮ ಕಾಗದ ಓದಿ, "ಹೃದಯ ಗಟ್ಟಿಯಾಗಿದೆ. ಮನಸ್ಸಿಗೆ ಸುಸ್ತಾಗಿದೆ," ಎಂದರು. "ಬಿಪಿ ಮಾತ್ರೆ ಈಗಿರೋ ಹಾಗೇ ತಗೊಳ್ಳಿ. ದಿನಾ ನಡೀರಿ. ಉಸಿರನ್ನ ನಿಧಾನವಾಗಿ ಬಿಡೋದು ಕಲೀರಿ. ಎರಡು ವಾರ ಬಿಟ್ಟು ಮತ್ತೆ ಬನ್ನಿ, ಮಾತಾಡೋಣ."

ಅವಳು ಮತ್ತೆ ಹೋಗಲಿಲ್ಲ. ಹೃದಯ ಸರಿಯಿದೆ ಎಂದ ಮೇಲೆ ಕಾಯಿಲೆ ಇಲ್ಲ, ಇರುವುದೆಲ್ಲ ತನ್ನದೇ ದೌರ್ಬಲ್ಯ ಎಂದು ಅವಳಿಗೆ ನಾಚಿಕೆಯಾಯಿತು. ರಜೆ ಕೇಳಿದಳು. ಮೇಲಧಿಕಾರಿ, "ನಿಮ್ಮ ಜಾಗಕ್ಕೆ ಯಾರನ್ನ ಕೂರಿಸಲಿ, ನೀವೇ ಹೇಳಿ," ಎಂದರು. ಅವಳು ಮತ್ತೆ ಮೈಕಿನ ಮುಂದೆ ಹೋಗಿ ಕೂತಳು.

ಮದ್ದು ಹೇಳುವವರಿಗೇನು ಬರ. ಕೆಳಗಿನ ಮನೆಯಲ್ಲಿ ಅವಳ ಅಕ್ಕ ಇದ್ದಳು. ಬೀದಿಯವರ ಎಲ್ಲ ಕಾಯಿಲೆಗೂ ಅಕ್ಕನ ಹತ್ತಿರ ಔಷಧಿ ಇತ್ತು, ತನ್ನ ಮಂಡಿನೋವೊಂದನ್ನು ಬಿಟ್ಟು. ಕೆಲಸ ಮುಗಿಸಿ ಬಂದ ತಂಗಿಯನ್ನು ಬಾಗಿಲಲ್ಲೇ ಹಿಡಿದು ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಡಿಸುತ್ತಿದ್ದಳು. ಹಾಯೆನಿಸುತ್ತಿತ್ತು, ನಿಜ. ಆದರೆ ಅಕ್ಕ ಎದುರಿಗೆ ಮಣೆ ಹಾಕಿಕೊಂಡು ಕೂತು, "ನೀನು ಚಿಕ್ಕೋಳಿದ್ದಾಗಿಂದ್ಲೂ ಹೀಗೇ, ಎಲ್ಲಾ ಮನಸ್ಸಿಗೆ ಹಚ್ಚಿಕೊಳ್ತೀಯ," ಎಂದು ಶುರು ಮಾಡಿದರೆ ನೀರು ಆರುವವರೆಗೂ ನಿಲ್ಲಿಸುತ್ತಿರಲಿಲ್ಲ. ನೀರಿನಲ್ಲಿ ಇಳಿದದ್ದು ಮಾತಿನಲ್ಲಿ ಏರುತ್ತಿತ್ತು.

ಆಮೇಲೆ ಹೂವಿನ ಎಣ್ಣೆಯ ಸರದಿ. ಕರವಸ್ತ್ರಕ್ಕೆ ಎರಡು ಹನಿ ಹಾಕಿ ಮೂಸಿದರೆ ನೆಮ್ಮದಿ ಎಂದು ಶೀಶೆಯ ಮೇಲೆ ಬರೆದಿತ್ತು. ಅವಳಿಗೆ ನೆಮ್ಮದಿ ಬರುವ ಮೊದಲು ಕಂಟ್ರೋಲರಿಗೆ ಸೀನು ಬಂತು. ಅವನು ಮೂರು ದಿನ ಸೀನಿ, ನಾಲ್ಕನೇ ದಿನ ಕೈಮುಗಿದ. "ಮೈಕಮ್ಮ, ನಿಮ್ಮ ನೆಮ್ಮದಿ ನನ್ನ ಮೂಗಿಗೆ ಬಂದಿದೆ, ದಯವಿಟ್ಟು ಬಿಡಿ."

ಉದ್ಯಾನದಲ್ಲಿ ಬೆಳಿಗ್ಗೆ ಹೊತ್ತು ಗುಂಪುಕಟ್ಟಿ ನಗುವವರ ಜೊತೆಗೂ ಒಂದು ವಾರ ಹೋದಳು. ನಗು ಬರದಿದ್ದರೂ ನಗಬೇಕು, ಕೈ ಮೇಲೆತ್ತಿ ಜೋರಾಗಿ ನಗಬೇಕು ಎಂದು ಮುಂದಾಳು ಹೇಳಿಕೊಟ್ಟ. ಆರನೇ ದಿನ ಕೈ ಮೇಲೆತ್ತಿದವಳಿಗೆ ಅಳು ಬಂದುಬಿಟ್ಟಿತು. ಭುಜ ಕುಲುಕುವುದನ್ನು ದೂರದಿಂದ ಕಂಡ ಮುಂದಾಳು, "ನೋಡಿ, ಹೀಗೆ ಮೈತುಂಬಾ ನಗಬೇಕು," ಎಂದು ಎಲ್ಲರಿಗೂ ತೋರಿಸಿದ. ಮರುದಿನದಿಂದ ಅವಳು ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಅವಳು ನಂಬಿದ್ದು ಬೇರಿನ ಪುಡಿಯನ್ನು. ಮಾರುಕಟ್ಟೆಯ ಮೂಲೆಯ ಗಿಡಮೂಲಿಕೆ ಅಂಗಡಿಯವನು, "ಅಪ್ಪಟ ಗಿಡದ್ದು, ತೊಂದರೆ ಅನ್ನೋ ಮಾತೇ ಇಲ್ಲ," ಎಂದು ಪೊಟ್ಟಣ ಕಟ್ಟಿಕೊಟ್ಟ. ಬಿಪಿ ಮಾತ್ರೆಯ ಜೊತೆ ತೆಗೆದುಕೊಳ್ಳಬಹುದೇ ಎಂದು ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ. ಮೊದಲ ನಾಲ್ಕು ದಿನ ಎದೆ ತಣ್ಣಗಿತ್ತು. ಎಷ್ಟೋ ತಿಂಗಳ ಮೇಲೆ ನಿದ್ದೆ ಬಂತು. ಒಂದು ಚಮಚಕ್ಕೆ ಇಷ್ಟು ಗುಣವಿದ್ದರೆ ಎರಡಕ್ಕೆ ಎಷ್ಟಿರಬೇಡ ಎಂದು ಎರಡು ಮಾಡಿದಳು. ತಲೆಯೊಳಗೆ ಹತ್ತಿ ತುಂಬಿದಂತಾಯಿತು, ಕೂತಲ್ಲೇ ರೆಪ್ಪೆ ಎಳೆಯತೊಡಗಿತು.

ಎಂಟನೇ ದಿನ ಸಂಜೆ ಐದಕ್ಕೆ ಮಳೆ ಹನಿಯುತ್ತಿತ್ತು. ಚೀಟಿಯಲ್ಲಿ ಮೂರನೇ ಪ್ಲಾಟ್‌ಫಾರಂ ಎಂದಿದ್ದುದನ್ನು ಅವಳು ಹದಿಮೂರು ಎಂದು ಓದಿದಳು. ತಡವಾಗಿದ್ದ ಬಸ್ಸು, ಕಾದು ಬೇಸತ್ತಿದ್ದ ಜನ. ಎಲ್ಲರೂ ನಿಲ್ದಾಣದ ಆ ತುದಿಗೆ ಓಡಿದರು. ಕಂಟ್ರೋಲರು ತಪ್ಪನ್ನು ಕಂಡು ಮೈಕು ಎಳೆದುಕೊಂಡು ಸರಿಯಾದ ನಂಬರು ಕೂಗಿದ. ಓಡುತ್ತಿದ್ದವರು ಹಿಂದಕ್ಕೆ ತಿರುಗಿದರು. ಆ ನೂಕಾಟದಲ್ಲಿ ಬಟ್ಟೆಗಂಟು ಹೊತ್ತ ಹೆಂಗಸೊಬ್ಬಳು ಒದ್ದೆ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಗಾಜಿನ ಹಿಂದಿನಿಂದ ಮೈಕಮ್ಮ ಅದನ್ನು ನೋಡಿದಳು. ಬಿದ್ದವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಕೆಸರಾದ ಬಿಳಿ ಅಂಗಿಗಳನ್ನು ನೋಡುತ್ತ ಕೂತಿದ್ದಳು.

ಮರುದಿನ ಮೈಕಮ್ಮ ತಾನಾಗಿಯೇ ಡಾಕ್ಟರಮ್ಮನ ಹತ್ತಿರ ಹೋಗಿ ಪುಡಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಮೂಸಿ ನೋಡಿ, ಬೈಯದೆ ಹೇಳಿದರು. "ಇದರಲ್ಲಿ ಏನೇನಿದೆ ಅಂತ ನನಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿರಲ್ಲ. ಗಿಡದ್ದು ಅಂದ ಮಾತ್ರಕ್ಕೆ ತೊಂದರೆ ಇಲ್ಲ ಅಂತಲ್ಲಮ್ಮ. ನಿಮ್ಮ ಮಾತ್ರೆ ಜೊತೆ ಸೇರಿ ತೂಕಡಿಕೆ ತಂದಿರಬಹುದು. ನಿಲ್ಲಿಸಿ. ಎರಡು ವಾರಕ್ಕೆ ಬನ್ನಿ ಅಂದಿದ್ದೆ, ಐದು ತಿಂಗಳು ಎಲ್ಲಿಗೆ ಹೋಗಿದ್ರಿ?"

"ಸುಧಾರಿಸುತ್ತೆ ಅಂದುಕೊಂಡೆ."

"ಇನ್ಮೇಲೆ ಜೊತೆಗೆ ಸುಧಾರಿಸೋಣ," ಎಂದು ಅವರು ಚೀಟಿಯಲ್ಲಿ ಮುಂದಿನ ತಾರೀಖು ಬರೆದರು.

ಅಲ್ಲಿಂದ ನೇರ ಅವಳು ಬಿದ್ದವಳ ಮನೆ ಹುಡುಕಿಕೊಂಡು ಹೋದಳು. ವಿಳಾಸವನ್ನು ಕಂಟ್ರೋಲರು ನಿಲ್ದಾಣದ ದೂರಿನ ಪುಸ್ತಕ ನೋಡಿ ಕೊಟ್ಟಿದ್ದ. ಗಲ್ಲಿಯ ಕೊನೆಯಲ್ಲಿ ಒಂದೇ ಬಾಗಿಲಿನ ಇಸ್ತ್ರಿ ಅಂಗಡಿ, ಹಿಂದೆ ಮನೆ. ಬಾಗಿಲ ಬಳಿ ಬುಟ್ಟಿಗಳಲ್ಲಿ ಬಟ್ಟೆ ರಾಶಿ. ಒಳಗೆ ಅರವತ್ತರ ಆಸುಪಾಸಿನ ಹೆಂಗಸು ಬಲಗೈಗೆ ಬಿಳಿ ಪಟ್ಟಿ ಹಾಕಿಸಿಕೊಂಡು ಎಡಗೈಯಲ್ಲಿ ಇಸ್ತ್ರಿ ಎಳೆಯುತ್ತಿದ್ದಳು. ಮೈಕಮ್ಮ ಹೊಸ್ತಿಲಲ್ಲಿ ನಿಂತು ಬಾಯಿ ತೆರೆಯುತ್ತಿದ್ದಂತೆ ಅವಳು ತಲೆಯೆತ್ತಿದಳು.

"ಈ ದನಿ ನನಗೆ ಗೊತ್ತು. ಹದಿಮೂರು ಅಂದೋಳು ನೀನೇ ತಾನೆ?"

"ನಾನೇ ಅಕ್ಕ. ತಪ್ಪಾಯ್ತು. ಮೂರು ಅಂತ ಬರೆದಿತ್ತು. ನಾನು..." ಅಲ್ಲಿಗೆ ಉಸಿರು ಮತ್ತೆ ಕಟ್ಟಿತು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಏದುಸಿರು ಕೇಳಿ ಇಸ್ತ್ರಿಯವಳು ಗಾಬರಿಯಾಗಲಿಲ್ಲ. ಕಾಲಿನಿಂದ ಒಂದು ಸ್ಟೂಲು ಮುಂದೆ ತಳ್ಳಿದಳು.

"ಕೂತ್ಕೊ. ಸಾಯಲ್ಲ ನೀನು. ಕ್ಷಮೆ ಕೇಳಿದ್ರೆ ನನ್ನ ಮೂಳೆ ಕೂಡಲ್ಲ. ಇಸ್ತ್ರಿ ಹೇಗೋ ಎಳೀತೀನಿ, ಮಡಿಸೋಕೆ ಎರಡು ಕೈ ಬೇಕು. ಆ ಟವೆಲ್ ತಗೊ. ಅಂಚಿಗೆ ಅಂಚು ಸೇರಿಸು."

ಅವಳು ಟವೆಲ್ ತೆಗೆದುಕೊಂಡಳು. ಬಟ್ಟೆ ಇನ್ನೂ ಬಿಸಿಯಾಗಿತ್ತು. ಅಂಚಿಗೆ ಅಂಚು ಸೇರಿಸಿ, ಅಂಗೈಯಿಂದ ಸವರಿ, ಮತ್ತೆ ಮಡಿಸಿದಳು. ಆರನೆಯದೋ ಏಳನೆಯದೋ ಟವೆಲ್ಲಿನ ಹೊತ್ತಿಗೆ ಉಸಿರು ತಾನಾಗಿ ಇಳಿದಿತ್ತು. ಅದು ಇಳಿದದ್ದು ಅವಳಿಗೆ ಗೊತ್ತಾದದ್ದೇ ತಡವಾಗಿ. ಕತ್ತಲಾಗುವ ಮೊದಲು ಎದ್ದಾಗ ಇಸ್ತ್ರಿಯವಳು, "ನಾಳೆ ಅಂಗಿಗಳಿವೆ," ಎಂದಷ್ಟೇ ಹೇಳಿದಳು.

ಹಾಗೆ ಆರು ವಾರ ನಡೆಯಿತು. ದಿನದ ಕೆಲಸ ಮುಗಿದ ಮೇಲೆ ಮೈಕಮ್ಮ ಬಸ್ಸು ಹತ್ತದೆ ನಡೆದೇ ಆ ಗಲ್ಲಿಗೆ ಹೋಗುತ್ತಿದ್ದಳು. ಅರ್ಧ ಗಂಟೆಯ ದಾರಿ. ಡಾಕ್ಟರಮ್ಮ ಹೇಳಿಕೊಟ್ಟಂತೆ ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಆರು ಹೆಜ್ಜೆಗೆ ಹೊರಗೆ. ಮೊದಲ ವಾರ ಲೆಕ್ಕ ತಪ್ಪಿ ತಲೆ ಸುತ್ತಿತು, ಇದೂ ಇನ್ನೊಂದು ಹೂವಿನ ಎಣ್ಣೆ ಅನ್ನಿಸಿತು. ಆದರೂ ಬಿಡಲಿಲ್ಲ, ಹೇಗೂ ನಡೆಯಲೇಬೇಕಿತ್ತಲ್ಲ. ಅಂಗಡಿಯಲ್ಲಿ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಇಸ್ತ್ರಿಯವಳು ಬಾಯಿ ಮುಚ್ಚಿಕೊಂಡೇ ಏನೋ ಗುನುಗುತ್ತಿದ್ದಳು, ಅದಕ್ಕೆ ರಾಗವೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಕೆಲವು ದಿನಕ್ಕೆ ಮೈಕಮ್ಮನೂ ಗುನುಗತೊಡಗಿದಳು. ಇಪ್ಪತ್ತಮೂರು ವರ್ಷ ಊರಿಗೆಲ್ಲ ಕೇಳುವಂತೆ ಮಾತಾಡಿದವಳಿಗೆ, ಯಾರಿಗೂ ಏನೂ ಹೇಳಬೇಕಿಲ್ಲದ ದನಿ ತನ್ನ ಗಂಟಲಲ್ಲೇ ಇದೆ ಎಂದು ಗೊತ್ತಿರಲಿಲ್ಲ.

ಎಲ್ಲ ಸಲೀಸಾಗಿತ್ತು ಎಂದಲ್ಲ. ಮಡಿಕೆ ಡೊಂಕಾದರೆ ಇಸ್ತ್ರಿಯವಳು ಬಿಚ್ಚಿ ಎಸೆಯುತ್ತಿದ್ದಳು. ಕೈ ನೋವು ಹೆಚ್ಚಾದ ದಿನ ಮಾತು ಚುಚ್ಚುತ್ತಿತ್ತು. "ನಿನಗೇನು, ಇಲ್ಲಿ ಬಂದು ಮನಸ್ಸು ಹಗುರ ಮಾಡಿಕೊಂಡು ಹೋಗ್ತೀಯ. ನನ್ನ ಗಿರಾಕಿಗಳಲ್ಲಿ ಆಗಲೇ ಮೂರು ಮನೆಯವರು ಬಿಟ್ಟು ಹೋದ್ರು," ಎಂದಳು ಒಮ್ಮೆ. ಅದು ಸುಳ್ಳಾಗಿರಲಿಲ್ಲ. ಆ ಶನಿವಾರ ಮೈಕಮ್ಮ ಆ ಮೂರು ಮನೆಗಳಿಗೂ ಹೋಗಿ, ನಡೆದದ್ದನ್ನು ನಡೆದಂತೆ ಹೇಳಿ, ತಪ್ಪು ತನ್ನದು ಎಂದಳು. ಎರಡು ಮನೆಯವರು ಮತ್ತೆ ಬಟ್ಟೆ ಕಳಿಸಿದರು. ಮೂರನೆಯವರು ಬಾಗಿಲು ಹಾಕಿಕೊಂಡರು. ಮನೆಗೆ ಬಂದು ಹೇಳಿದಾಗ ಅಕ್ಕ ಬಿಸಿನೀರಿನ ಬಕೆಟ್ಟು ಇಟ್ಟಳು, ಅಂದು ಬುದ್ಧಿ ಹೇಳಲಿಲ್ಲ.

ಪಟ್ಟಿ ಬಿಚ್ಚಿದ ದಿನ ಇಸ್ತ್ರಿಯವಳು ಬೆರಳುಗಳನ್ನು ಮಡಚಿ, ಬಿಡಿಸಿ ನೋಡಿಕೊಂಡಳು. "ಸಾಕು, ನಾಳೆಯಿಂದ ಬರಬೇಡ. ನಿನ್ನ ಮಡಿಕೆ ಈಗಲೂ ಅಷ್ಟಕ್ಕಷ್ಟೇ," ಎಂದಳು. ಹೊರಟವಳನ್ನು ಕರೆದು, "ರಜೆ ಕೊಡದ ಆ ಮೇಲಧಿಕಾರಿಗೆ ಹೇಳು. ನನಗೆ ಹೇಳಿದ್ದನ್ನೇ ಅವನಿಗೂ ಹೇಳು. ಬಾಯಿದ್ದೂ ಸುಮ್ಮನಿರೋದಕ್ಕೆ ಸಂಬಳ ಕೊಡಲ್ಲ ಯಾರೂ," ಎಂದಳು.

ಮರುವಾರ ಮೈಕಮ್ಮ ಹೇಳಿದಳು, ಉಸಿರು ಕಟ್ಟುವುದನ್ನೂ ನಡುವೆ ಬಿಡುವು ಬೇಕೆಂಬುದನ್ನೂ. ಡಾಕ್ಟರಮ್ಮನ ಕಾಗದವನ್ನೂ ಇಟ್ಟಳು. ಮೇಲಧಿಕಾರಿ ಹಣೆ ಉಜ್ಜಿಕೊಂಡರು, ಕಷ್ಟ ಎಂದರು, ನೋಡೋಣ ಎಂದರು. ತಿಂಗಳು ಕಳೆದ ಮೇಲೆ ಪಾಸು ವಿಭಾಗದ ಗುಮಾಸ್ತೆಯೊಬ್ಬಳಿಗೆ ಮೈಕಿನ ಕೆಲಸ ಕಲಿಸಲು ಒಪ್ಪಿದರು. ಎರಡು ಗಂಟೆಗೊಮ್ಮೆ ಇಪ್ಪತ್ತು ನಿಮಿಷ ಅವಳು ಕೂರುತ್ತಿದ್ದಳು, ಇವಳು ನಿಲ್ದಾಣದ ಹಿಂದಿನ ಕಾಂಪೌಂಡಿನಲ್ಲಿ ನಡೆದು ಬರುತ್ತಿದ್ದಳು. ಮೆಟ್ಟಿಲ ಬಾಗಿಲಿಗೆ ಚಿಲಕವೂ ಬಂತು. ಬೈಯುವವರು ಈಗ ಕೆಳಗಿನ ವಿಚಾರಣೆ ಕಿಟಕಿಗೆ ಹೋಗಿ ಬೈಯಬೇಕಾಯಿತು.

ಕಾಯಿಲೆ ಬಿಟ್ಟು ಓಡಿಹೋಯಿತು ಎಂದರೆ ಸುಳ್ಳಾಗುತ್ತದೆ. ತಿಂಗಳಿಗೆ ಒಂದೆರಡು ಸಲ ಈಗಲೂ ಎದೆ ಹೊಡೆದುಕೊಳ್ಳುತ್ತಿತ್ತು. ಅದು ಬರುತ್ತದೆ, ಹೋಗುತ್ತದೆ, ಕೊಲ್ಲುವುದಿಲ್ಲ ಎಂಬುದು ಮಾತ್ರ ಅವಳಿಗೆ ಗಟ್ಟಿಯಾಗಿತ್ತು. ಸುಸ್ತಂತೂ ಇದ್ದೇ ಇತ್ತು. ರಜೆಯ ದಿನ ಮಧ್ಯಾಹ್ನವೂ ಎದ್ದು ನೀರು ಕುಡಿಯುವುದೇ ಭಾರವೆನಿಸುವಷ್ಟು ಹಳೆಯ ಸುಸ್ತು.

ಸಂಜೆಯ ನಡಿಗೆ ಅವಳು ಬಿಡಲಿಲ್ಲ. ಗಲ್ಲಿಗೆ ಹೋಗಬೇಕಿಲ್ಲದ್ದರಿಂದ ನೀರಿನ ಟ್ಯಾಂಕಿನ ಸುತ್ತ ಹೋಗುತ್ತಿದ್ದಳು. ಒಂದು ದಿನ ಗಂಡ ಹೇಳದೆ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಟ. ಮೂರು ವಾರ ಇಬ್ಬರೂ ಮಾತಿಲ್ಲದೆ ನಡೆದರು. ನಾಲ್ಕನೇ ವಾರ ಆತ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟ.

"ಗಾಜು ಸಾಣೆ ಹಿಡಿಯುವಾಗ ಗೆರೆ ಕಾಣಿಸ್ತಿಲ್ಲ ಕಣೆ," ಎಂದ. "ಒಂದು ವರ್ಷ ಆಯ್ತು. ಅಂಗಡೀಲಿ ಹೇಳಿಲ್ಲ. ಬೆಳಿಗ್ಗೆ ಎದ್ದರೆ ಅಂಗಡಿಗೆ ಹೋಗೋಕೇ ಭಯ."

ಅವಳು ಅವನ ಮುಖ ನೋಡಿದಳು. ಎಲ್ಲರ ಕನ್ನಡಕಕ್ಕೂ ಗಾಜು ಕೂರಿಸುವವನು ತನ್ನ ಕಣ್ಣು ತೋರಿಸಿಕೊಂಡಿರಲಿಲ್ಲ. ಬೈಯಬೇಕೆನಿಸಿತು, ಅಳಬೇಕೆನಿಸಿತು, ಎರಡಕ್ಕೂ ಶಕ್ತಿ ಇರಲಿಲ್ಲ.

"ಯಾಕ್ರೀ ಹೇಳಲಿಲ್ಲ?"

"ನಿನಗೇ ಸಾಕಷ್ಟಿತ್ತು."

ಅವಳು ಪಕ್ಕದಲ್ಲಿ ಕೂತಳು. ಗುರುವಾರ ತನಗೆ ವಾರದ ರಜೆ, ಕಣ್ಣಿನ ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ ಎಂದಳು. ಆತ ಹೂಂ ಎಂದ. ಮಂಡಿಗೆ ಕೈಯೂರಿ ಮೊದಲು ಆತ ಎದ್ದ, ಅವಳನ್ನು ಎಬ್ಬಿಸಲು ಕೈ ಕೊಟ್ಟ.